'ರುಸ್ತುಮ್' ಯಾಕೆ ಸಪ್ಪೆಯಾಯಿತು? 1955ರ ಕೊಡಗಿನ ಕೊಲೆ ಕತೆ ತೆಗೆಯುವವರಿಗೆ ಏನು ಪಾಠ?

ಕಾಫಿಹೂ (ಮಡಿಕೇರಿ):
ನೌಕಾಪಡೆಯ ಅಧಿಕಾರಿ ನಾನಾವತಿ 1959ರಲ್ಲಿ ಮುಂಬೈಯಲ್ಲಿ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದ ಪ್ರಕರಣ ಇಟ್ಟುಕೊಂಡು ಮಾಡಿದ ಹಿಂದಿ ಚಿತ್ರ 'ರುಸ್ತುಮ್' (2016) ಬಗ್ಗೆ ತಿಳಿದವರ ಅಭಿಪ್ರಾಯ ಬೇಕು. ಚಿತ್ರ ಚೆನ್ನಾಗಿ ಓಡಿತು, ಅಕ್ಷಯ್ ಕುಮಾರ್‌ಗೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೂ ಗುಂಡು ಹಾರಿದ ಮೇಲೆ ಕತೆ ಕೆಳಗಿಳಿಯುತ್ತಾ ಹೋಗುತ್ತದೆ. ಅದೇ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಓದಿದರೆ ಕೆಳಗಿಡಲು ಮನಸ್ಸಾಗದು. ಕೆಟ್ಟಿದ್ದು ಎಲ್ಲಿ?
ಕೇಳಲು ಕಾರಣವಿದೆ. ವಿರಾಜಪೇಟೆ ಸುತ್ತಮುತ್ತ 1955ರಲ್ಲಿ ನಡೆಯುವ ಕಾಲ್ಪನಿಕ ಕೊಲೆಯ ಕಿರುಚಿತ್ರ ತಯಾರಾಗುತ್ತಿದೆ, 25 ನಿಮಿಷದ್ದು. ಕೊಲೆ ಜುಲೈ ಮಳೆಯಲ್ಲಿ, ಕಾಫಿ ತೋಟದೊಳಗೆ, ಕೋವಿಯಿಂದ. ಇರುವ ಅಲ್ಪ ಹಣವನ್ನು ಯಾವುದಕ್ಕೆ ಹಾಕಬೇಕು, ಯಾವುದನ್ನು ಬಿಡಬಹುದು?

ಹಳೇಕೋವಿ (ಪೊನ್ನಂಪೇಟೆ):
ಮನೆಗೊಬ್ಬ ಮಾಜಿ ಸೈನಿಕ ಇರುವ ನಮ್ಮ ಜಿಲ್ಲೆಯಲ್ಲಿ ಆ ಸಿನಿಮಾ ಮೊದಲು ಸೋತಿದ್ದು ಎದೆಯ ಮೇಲಿನ ರಿಬ್ಬನ್ ಪಟ್ಟಿಯಲ್ಲೇ. ಕತೆ 1959ರದ್ದು, ನಾಯಕನ ಎದೆಯಲ್ಲಿ 1999ರ ಕಾರ್ಗಿಲ್ ಕಾಲದ ಪದಕ! ಆಗಿನ ನೌಕಾಪಡೆಯಲ್ಲಿ ಗಡ್ಡ ಮೀಸೆ ಎರಡೂ ಬಿಡಬೇಕಿತ್ತು, ಇಲ್ಲವೇ ಎರಡನ್ನೂ ಬೋಳಿಸಬೇಕಿತ್ತು. ಚಿತ್ರದ ನಾಯಕನ ಹಾಗೆ ಬರೀ ಮೀಸೆ ಬಿಡಲು ಅನುಮತಿ ಸಿಕ್ಕಿದ್ದು ಆಮೇಲೆ. 1959ರ ಅಧಿಕಾರಿಗೆ ಒಪ್ಪುವುದು ಎರಡನೇ ಮಹಾಯುದ್ಧದ ಸ್ಟಾರ್‌ಗಳು, 1947ರ ಸ್ವಾತಂತ್ರ್ಯ ಪದಕ, ಜಮ್ಮು-ಕಾಶ್ಮೀರ ಪಟ್ಟಿಯ ಜನರಲ್ ಸರ್ವಿಸ್ ಮೆಡಲ್. ಸರಿಯಾದ ರಿಬ್ಬನ್‌ಗೂ ತಪ್ಪು ರಿಬ್ಬನ್‌ಗೂ ದರ ಒಂದೇ, ಕೇಳುವ ವ್ಯವಧಾನ ಮಾತ್ರ ಬೇಕು. ಆಗ ಭೂಸೇನೆಯ ಮುಖ್ಯಸ್ಥರು ನಮ್ಮ ಜನರಲ್ ತಿಮ್ಮಯ್ಯನವರು. ಆಗಸ್ಟ್ ಕೊನೆಯಲ್ಲಿ ಅವರು ರಾಜೀನಾಮೆ ಕೊಟ್ಟು ಹಿಂತೆಗೆದುಕೊಂಡ ಸುದ್ದಿ ದೇಶವನ್ನೇ ಅಲುಗಾಡಿಸಿತ್ತು. 1959ರ ಪತ್ರಿಕೆ ತೋರಿಸುವವರಿಗೆ ಇಂಥದ್ದು ನೆನಪಿರಬೇಕು.

ಸೆಷನ್ಸ್ ಬೆಂಚು (ಮೈಸೂರು):
ಪದಕ ಸರಿಯಿದ್ದಿದ್ದರೂ ಚಿತ್ರ ಉಳಿಯುತ್ತಿರಲಿಲ್ಲ ಅಣ್ಣ. ಪ್ರಕರಣದ ಜೀವ ಇರುವುದು ಸುಮಾರು ಮೂರು ಗಂಟೆಗಳ ಅವಧಿಯಲ್ಲಿ. 27 ಏಪ್ರಿಲ್ 1959. ಹೆಂಡತಿ ಅಹುಜಾನ ಜೊತೆಗಿನ ಸಂಬಂಧ ಒಪ್ಪಿಕೊಂಡ ಮೇಲೆ ನಾನಾವತಿ ಅವಳನ್ನೂ ಮಕ್ಕಳನ್ನೂ ಸಿನಿಮಾಕ್ಕೆ ಬಿಟ್ಟು ಬರುತ್ತಾನೆ. ಹಡಗಿಗೆ ಹೋಗಿ, ರಾತ್ರಿ ಒಬ್ಬನೇ ಅಹಮದ್‌ನಗರಕ್ಕೆ ಕಾರಿನಲ್ಲಿ ಹೋಗಬೇಕು ಎಂದು ಹೇಳಿ ರಿವಾಲ್ವರ್, ಆರು ಗುಂಡು ಪಡೆಯುತ್ತಾನೆ. ಅದನ್ನು ಕಂದು ಲಕೋಟೆಯಲ್ಲಿಟ್ಟು ಮೊದಲು ಅಹುಜಾನ ಆಫೀಸಿಗೆ, ಅಲ್ಲಿಲ್ಲವೆಂದು ಮನೆಗೆ. ಮನೆ ಬಿಟ್ಟಿದ್ದು 1.30ಕ್ಕೆ, ಗುಂಡು ಹಾರಿದ್ದು 4.20ಕ್ಕೆ. 'ದಿಢೀರ್ ಕೆರಳಿಕೆ' ಎಂಬ ವಾದ ಸುಪ್ರೀಂ ಕೋರ್ಟಿನಲ್ಲಿ ಬಿದ್ದಿದ್ದು ಇಲ್ಲೇ: ಸಿಟ್ಟು ಇಳಿಯಲು ಅಷ್ಟು ಹೊತ್ತು ಸಾಕು ಎಂದರು. ಇನ್ನು ಆ ಟವೆಲ್. ಸ್ನಾನ ಮುಗಿಸಿ ಬಂದ ಅಹುಜಾ ಸುತ್ತಿಕೊಂಡಿದ್ದ ಟವೆಲ್ ಹೆಣದ ಮೇಲೂ ಹಾಗೇ ಇತ್ತು. ಕೈಕೈ ಮಿಲಾಯಿಸಿದಾಗ ಗುಂಡು ಹಾರಿತು ಅಂದರೆ ಟವೆಲ್ ಜಾರಬೇಡವೇ? ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ಯಾವ ಕತೆಗಾರ ಹುಟ್ಟಿಸಿಯಾನು!

ಸಿನಿಮಾ ಏನು ಮಾಡಿತು? ವಿಮಾನವಾಹಕ ಹಡಗಿನ ಖರೀದಿ ಹಗರಣ ತಂದು ತುರುಕಿ ಕೊಲೆಗಾರನನ್ನು ದೇಶಭಕ್ತನನ್ನಾಗಿಸಿತು. ದೇಶಕ್ಕಾಗಿ ಎಂದ ಕೂಡಲೇ 'ಸಿಟ್ಟೋ, ಲೆಕ್ಕಾಚಾರವೋ' ಎಂಬ ಪ್ರಶ್ನೆಯೇ ಸತ್ತಿತು. ಮೇಲಾಗಿ ನಾಯಕ ತಾನೇ ವಾದಿಸಿ ಬಿಡುಗಡೆಯಾಗುತ್ತಾನೆ. ನಿಜದಲ್ಲಿ ಜ್ಯೂರಿ (ತೀರ್ಪು ಹೇಳಲು ಕೂತ ಸಾಮಾನ್ಯ ನಾಗರಿಕರ ಮಂಡಳಿ) 8-1ರಲ್ಲಿ ನಿರ್ದೋಷಿ ಎಂದಿತು, ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಜೀವಾವಧಿ, 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲೂ ಅದೇ, 1964ರಲ್ಲಿ ರಾಜ್ಯಪಾಲರ ಕ್ಷಮಾದಾನ. ಚಿತ್ರ ಜ್ಯೂರಿಯ ಚಪ್ಪಾಳೆಗೇ ಬಾಗಿಲು ಹಾಕಿಕೊಂಡಿತು. (ಇದೇ ದೇಶದ ಕಟ್ಟಕಡೆಯ ಜ್ಯೂರಿ ವಿಚಾರಣೆ ಅನ್ನುವ ಮಾತು ನಂಬಬೇಡಿ. ಜ್ಯೂರಿ ಪದ್ಧತಿ ಕಾನೂನಿನ ಪುಸ್ತಕದಿಂದಲೇ ಹೋಗಿದ್ದು 1973ರ ದಂಡ ಪ್ರಕ್ರಿಯಾ ಸಂಹಿತೆಯಿಂದ.)

ನಿಮ್ಮ ಚಿತ್ರಕ್ಕೆ ಎರಡು ಮಾತು. ಕೋರ್ಟಿನಲ್ಲಿ ಜಡ್ಜ್ ಕೈಗೆ ಮರದ ಸುತ್ತಿಗೆ ಕೊಡಬೇಡಿ, ನಮ್ಮಲ್ಲಿ ಅದಿಲ್ಲ. ಸ್ಟೇಷನ್ನಿನಲ್ಲಿ ಹೊಡೆದು ತಪ್ಪೊಪ್ಪಿಸಿ ಕತೆ ಮುಗಿಸಬೇಡಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆ 1872ರಿಂದಲೂ ಸಾಕ್ಷ್ಯವಲ್ಲ. ಮಹಜರಿನಲ್ಲಿ ಸಿಕ್ಕ ವಸ್ತುವೇ ಮಾತಾಡಬೇಕು.

ಕಾಫಿಹೂ:
ಸುತ್ತಿಗೆ ದೃಶ್ಯ ಬರೆದಾಗಿತ್ತು, ಈಗಲೇ ತೆಗೆದೆ. ಮಾತಾಡುವ ವಸ್ತು ಅಂದರೆ ಕೋವಿಯೇ ಆಗಬೇಕಲ್ಲ? ಲೈಸೆನ್ಸ್ ನಂಬರ್ ಹಿಡಿದು ಇನ್ಸ್‌ಪೆಕ್ಟರ್ ಕೊಲೆಗಾರನ ಮನೆ ತಲುಪುತ್ತಾನೆ ಅಂತ ಇದೆ.

ಹಳೇಕೋವಿ:
ಕೊಡಗಿನಲ್ಲಿ ಅದು ನಡೆಯದು ಮಾರಾಯ್ರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. ತೋಟೆ (ಕಾರ್ಟ್ರಿಜ್) ಹಾಕುವ ಕೋವಿಯ ನಳಿಗೆ ಒಳಗೆ ನುಣುಪು, ಸುರುಳಿ ಗೀರು ಇರುವುದಿಲ್ಲ. ಹಾಗಾಗಿ ದೇಹದಿಂದ ತೆಗೆದ ಚರೆ ಯಾವ ಕೋವಿಯದೆಂದು ಹೇಳಲಾಗದು. ಹೇಳುವುದು ಖಾಲಿ ತೋಟೆ. ಅದರ ತಳದ ಕೇಪಿನ ಮೇಲೆ ಕೋವಿಯ ಸೂಜಿ ಕುಟ್ಟಿದ ಗುರುತು ಒಂದೊಂದು ಕೋವಿಗೆ ಒಂದೊಂದು ಥರ.
ಇನ್ನೊಂದು. ಮಡಚುವ ಕೋವಿ ಖಾಲಿ ತೋಟೆಯನ್ನು ತಾನಾಗಿ ಹೊರಗೆ ಎಸೆಯುವುದಿಲ್ಲ, ಮಡಚಿದಾಗಲೇ ಅದು ಆಚೆ ಬರುವುದು. ಹೆಣದ ಪಕ್ಕ ತೋಟೆ ಬಿದ್ದಿದೆ ಎಂದರೆ ಕೊಲೆಗಾರ ಅಲ್ಲೇ ನಿಂತು ಮತ್ತೆ ತುಂಬಿಕೊಂಡಿದ್ದಾನೆ. ಯಾಕೆ? ಎರಡನೇ ಗುಂಡು ಯಾರಿಗೆ? ನಾನಾವತಿ ಪ್ರಕರಣದಲ್ಲಿ ಆ ಮೂರು ಗಂಟೆ, ಟವೆಲ್ ಮಾಡಿದ ಕೆಲಸವನ್ನು ಇಲ್ಲಿ ಈ ತೋಟೆ ಮಾಡುತ್ತದೆ. ದುಡ್ಡು ಇಲ್ಲಿ ಹಾಕಿ: ಹಿತ್ತಾಳೆ ತಳದ ಕಾಗದದ ತೋಟೆ ಹುಡುಕಿ. ಕೆಂಪು ಪ್ಲಾಸ್ಟಿಕ್ಕಿನದು ಆ ಕಾಲಕ್ಕೆ ಬಂದಿರಲಿಲ್ಲ. ಖಾಲಿ ತೋಟೆಯನ್ನಷ್ಟೇ ಬಳಸಿ, ಅದೂ ಕೋವಿಯ ಮಾಲೀಕರು ಎದುರಿಗಿದ್ದಾಗ.

ಬಾಣೆಜಾಗ (ಗೋಣಿಕೊಪ್ಪ):
1955 ಅಂದರೆ ಕೂರ್ಗ್ ಇನ್ನೂ ಪ್ರತ್ಯೇಕ ರಾಜ್ಯ, ಮೈಸೂರಿಗೆ ಸೇರಿದ್ದು 1 ನವೆಂಬರ್ 1956ಕ್ಕೆ. ಬೋರ್ಡಿನಲ್ಲಿ 'ಮೈಸೂರು ರಾಜ್ಯ' ಬರೆಸಿದರೆ ತಪ್ಪು, 'ಕರ್ನಾಟಕ' ಬರೆಸಿದರೆ ನಗೆಪಾಟಲು. ಅಂಗಡಿಯಲ್ಲಿ ಆಣೆ ಲೆಕ್ಕ, ರೂಪಾಯಿಗೆ 16. ನಯಾ ಪೈಸೆ ಬಂದಿದ್ದು ಏಪ್ರಿಲ್ 1957. ಬಾಡಿಗೆಗೆ ಸುಲಭವಾಗಿ ಸಿಗುತ್ತದೆ ಅಂತ ಅಂಬಾಸಿಡರ್ ತರಬೇಡಿ, ಆಗ ಆ ಕಾರೇ ಇರಲಿಲ್ಲ. ಕಾರು ತೋರಿಸದೆ ಬರೀ ಸದ್ದು ಕೇಳಿಸಿದರೂ ಆದೀತು.
ಕುಪ್ಪಸ (ಕೊಡವ ಗಂಡಸರ ನಿಲುವಂಗಿ), ಚೇಲೆ (ಸೊಂಟದ ಪಟ್ಟಿ), ಪೀಚೆಕತ್ತಿಯನ್ನು (ಸೊಂಟಕ್ಕೆ ಸಿಕ್ಕಿಸುವ ಬಾಕು) ಎಲ್ಲರಿಗೂ ದಿನವಿಡೀ ಹಾಕಿಸುವುದು ಹೊರಗಿನವರ ಚಾಳಿ. ಅದು ಮದುವೆ, ಹಬ್ಬದ ಉಡುಪು. ಹೆಂಗಸರ ಸೀರೆ ನೆರಿಗೆ ಹಿಂದಕ್ಕೆ, ಇದನ್ನಂತೂ ಬಿಡಬೇಡಿ.
ಎಲ್ಲಕ್ಕಿಂತ ದೊಡ್ಡ ತೊಂದರೆ ನಿಮ್ಮ ಜುಲೈ. ಚಿತ್ರೀಕರಣ ಯಾವಾಗ? ಡಿಸೆಂಬರ್ ಆದರೆ ಗಿಡದ ತುಂಬ ಕೆಂಪು ಹಣ್ಣು. ಎಷ್ಟು ಪೈಪಿನ ನೀರು ಸುರಿದರೂ ಅದು ಜುಲೈ ತೋಟ ಆಗುವುದಿಲ್ಲ. ಜುಲೈಯಲ್ಲಿ ಕಾಯಿ ಹಸಿರು, ಸಣ್ಣದು.

ಕಾಫಿಹೂ:
ಚಿತ್ರೀಕರಣ ಡಿಸೆಂಬರೇ. ಹಾಗಾದರೆ ಕೊಲೆಯನ್ನೇ ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ತಂದರೆ? ಕದಿರು ಕೊಯ್ಯುವಾಗ ಎಲ್ಲಾ ಕಡೆ ಗುಂಡು ಹಾರುತ್ತದೆ. ಒಂದು ಹೆಚ್ಚಾದರೆ ಯಾರು ಎಣಿಸುತ್ತಾರೆ?

ಹಳೇಕೋವಿ:
ತನ್ನಿ. ಕುಪ್ಪಸ ಚೇಲೆಯೂ ಆಗ ಸರಿಯಾಗುತ್ತದೆ. ಆದರೆ ಪುತ್ತರಿ ಬರುವುದು ಹುಣ್ಣಿಮೆ ಆಸುಪಾಸು, ನಿಮ್ಮ ಕೊಲೆಗಾರನಿಗೆ ಕಗ್ಗತ್ತಲೆ ಸಿಗುವುದಿಲ್ಲ. ಗದ್ದೆ ಬದುವಿನಲ್ಲಿ ಅವನ ನೆರಳು ಕಾಣಬೇಕು, ಛಾಯಾಗ್ರಾಹಕರಿಗೆ ಮೊದಲೇ ಹೇಳಿಡಿ.