33,33,360: ಲೆಕ್ಕ ತಪ್ಪೋ, ಫಾರ್ವರ್ಡ್ ತಪ್ಪೋ

ನಾಗು: (ಹಲವು ಬಾರಿ ಫಾರ್ವರ್ಡ್ ಆಗಿದೆ)
‘ರೆಡಿ ಪ್ಲೇಯರ್ ಒನ್’ ಕಾದಂಬರಿ ಓದೋ ಮುಂಚೆ ತಿಳ್ಕೊಳ್ಳಿ. ಒಂದು, 80ರ ದಶಕದ ಹೆಸರುಗಳ ಪಟ್ಟಿ ಬಿಟ್ರೆ ಒಳಗೆ ಏನೂ ಇಲ್ಲ. ಎರಡು, ಪ್ಯಾಕ್‌ಮ್ಯಾನ್ ವಿಡಿಯೋ ಗೇಮ್‌ಗೆ ಕೊನೆಯೇ ಇಲ್ಲ, ಅದರಲ್ಲಿ ಬರೋ ‘ಪರ್ಫೆಕ್ಟ್ ಸ್ಕೋರ್’ ಬರೀ ಕಲ್ಪನೆ. ಮೂರು, ಸಿನಿಮಾ ನೋಡಿದ್ರೆ ಸಾಕು, ಕಥೆ ಅದೇ.

ನಾಗು: ಮೂರೂ ಸರಿ ಅನ್ಸುತ್ತೆ. ಯಾರಾದ್ರೂ ಒಪ್ಪಲ್ವಾ?

ಗಿರಿ: ಮೂರೂ ಒಪ್ಪಲ್ಲ. ಎರಡನೇದಂತೂ ಶುದ್ಧ ಬುರುಡೆ.

ಸುಮಾ: ಒಂದನೇದರಲ್ಲಿ ಅರ್ಧ ನಿಜ ಇದೆ ಗಿರಿ. ಅವಸರ ಮಾಡ್ಬೇಡ.

ಗಿರಿ: ಮೊದಲು ಎರಡನೇದನ್ನ ಮುಗಿಸ್ತೀನಿ. ಪುಸ್ತಕದಲ್ಲಿರೋ ಅಂಕಿ 33,33,360. ಕೂಡಿಸಿ ನೋಡೋಣ, ಪೆನ್ನು ತಗೊ.

ಒಂದು ಲೆವೆಲ್‌ನಲ್ಲಿ 240 ಸಣ್ಣ ಚುಕ್ಕಿ, ಒಂದಕ್ಕೆ 10. ದೊಡ್ಡ ಗುಳಿಗೆ 4, ಒಂದಕ್ಕೆ 50. ಒಟ್ಟು 2,600. ಇಂಥ 255 ಲೆವೆಲ್ ಅಂದ್ರೆ 6,63,000.

ಗುಳಿಗೆ ತಿಂದಾಗ ದೆವ್ವ ನೀಲಿ ಆಗುತ್ತಲ್ಲ, ನಾಲ್ಕನ್ನೂ ತಿಂದ್ರೆ 200, 400, 800, 1,600. ಅಲ್ಲಿಗೆ 3,000. ನಾಲ್ಕು ಗುಳಿಗೆಗೆ 12,000. ಆದ್ರೆ 17ನೇ ಲೆವೆಲ್‌ನಲ್ಲಿ ಅವು ನೀಲಿ ಆಗಲ್ಲ, 18ರಲ್ಲಿ ಒಂದು ಚೂರು ಹೊತ್ತು ಆಗ್ತವೆ, 19ರಿಂದ ಮುಂದೆ ಇಲ್ಲವೇ ಇಲ್ಲ. ನೀಲಿ ಆಗೋದು ಒಟ್ಟು 17 ಲೆವೆಲ್. 2,04,000.

ಹಣ್ಣು ಪ್ರತಿ ಲೆವೆಲ್‌ಗೆ ಎರಡು ಸಲ, 70 ಚುಕ್ಕಿ ಆದ್ಮೇಲೆ ಒಂದು, 170 ಆದ್ಮೇಲೆ ಇನ್ನೊಂದು. ಮೊದಲ 12 ಲೆವೆಲ್‌ನ ಹಣ್ಣು ಸೇರಿ 29,600. 13ರಿಂದ ಕೀಲಿಕೈ ಬರುತ್ತೆ, ಒಂದಕ್ಕೆ 5,000. 243 ಲೆವೆಲ್, 24,30,000.

ಇಲ್ಲಿಗೆ 33,26,600. ಇನ್ನೂ 6,760 ಬೇಕು.

ನಾಗು: ಅಲ್ಲೇ ಸಿಕ್ಕಿಬಿದ್ದೆ ನೋಡು. ಅದೆಲ್ಲಿಂದ ಬಂತು?

ಗಿರಿ: 256ನೇ ಲೆವೆಲ್‌ನಿಂದ. ಲೆವೆಲ್ ಎಣಿಸೋ ಜಾಗ ಒಂದು ಬೈಟ್ ಅಷ್ಟೇ, ಅದರಲ್ಲಿ 0ಯಿಂದ 255ರ ತನಕ ಹಿಡಿಯುತ್ತೆ. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ 256ನೇ ಲೆವೆಲ್‌ಗೆ ಒಳಗೆ 255. ಕೆಳಗಡೆ ಹಣ್ಣಿನ ಸಾಲು ಬರೆಯೋ ಭಾಗ ಅದಕ್ಕೆ ಒಂದು ಸೇರಿಸುತ್ತೆ, ಅದು ಸೊನ್ನೆಗೆ ತಿರುಗುತ್ತೆ. ಸೊನ್ನೆಯಿಂದ ಇಳಿಸ್ತಾ ಎಣಿಸೋಕೆ ಹೋಗಿ 256 ಹಣ್ಣು ಬರೆದುಬಿಡುತ್ತೆ. ಏಳು ಹಣ್ಣಿನ ಜಾಗಕ್ಕೆ 256. ಬಲಗಡೆ ಅರ್ಧ ಪರದೆ ಅಕ್ಷರ, ಅಂಕಿಗಳ ಕಸ ಆಗುತ್ತೆ. ಲೆವೆಲ್ ಮುಗೀಬೇಕು ಅಂದ್ರೆ 244 ತಿನ್ಬೇಕು, ಅಷ್ಟು ಅಲ್ಲಿ ಇಲ್ಲ. ಆಟ ಅಲ್ಲೇ ನಿಲ್ಲುತ್ತೆ. ಕೊನೆ ಅಂದ್ರೆ ಅದೇ.

ಎಡಗಡೆ ಉಳಿದಿರೋದು 112 ಚುಕ್ಕಿ, 2 ಗುಳಿಗೆ: 1,220. ಒಂದು ಕೀಲಿಕೈ 5,000. ಬಲಗಡೆ ಕಸದೊಳಗೆ ಕಣ್ಣಿಗೆ ಸರಿಯಾಗಿ ಕಾಣದ 9 ಚುಕ್ಕಿ ಇವೆ. ಪ್ರತಿ ಸಲ ಸತ್ತಾಗ ಆ 9 ಮಾತ್ರ ಮತ್ತೆ ಬರ್ತವೆ. 6 ಜೀವಕ್ಕೆ 54 ಚುಕ್ಕಿ, 540. ಕೂಡಿಸು.

ಶೈಲಾ: 6,760. ಪಕ್ಕಾ.

ನಾಗು: ಆರು ಜೀವ ಹೇಗೆ? ಮೂರು ತಾನೇ ಕೊಡೋದು?

ಗಿರಿ: ಮೆಶಿನ್ ಒಳಗೆ ಆಟದ ಸೆಟ್ಟಿಂಗ್ ಬದಲಿಸೋ ಸಣ್ಣ ಸ್ವಿಚ್ ಇರ್ತವೆ, ಡಿಪ್ ಸ್ವಿಚ್ ಅಂತ; ಅದರಲ್ಲಿ 5ಕ್ಕೆ ಇಡಬಹುದು, 10,000ಕ್ಕೆ ಒಂದು ಬೋನಸ್. ಮೂರಕ್ಕೆ ಇಟ್ರೆ ಎರಡು ಜೀವ ಕಮ್ಮಿ, 180 ಪಾಯಿಂಟ್ ಖೋತಾ. ಎಷ್ಟು ಚೆನ್ನಾಗಿ ಆಡಿದ್ರೂ 33,33,180ಕ್ಕೆ ನಿಲ್ತೀಯ. ಮೇಮ್‌ನಲ್ಲಿ (ಹಳೇ ಆರ್ಕೇಡ್ ಆಟಗಳನ್ನ ಕಂಪ್ಯೂಟರ್‌ನಲ್ಲಿ ಓಡಿಸೋ ಪ್ರೋಗ್ರಾಂ) ಆಡೋರು ಇದನ್ನೇ ಮರೆತು ತಲೆ ಕೆಡಿಸ್ಕೊಳ್ಳೋದು. ಟ್ಯಾಬ್ ಒತ್ತಿದ್ರೆ ಮೆನು ಬರುತ್ತೆ, ಡಿಪ್ ಸ್ವಿಚ್ ಅಲ್ಲೇ ಇದೆ.

ಸುಮಾ: ಸರಿ, ಎರಡನೇ ಪಾಯಿಂಟ್ ಸತ್ತಿತು. ಆದ್ರೆ ಗಿರಿ, ನೀನು ಹೇಳಿದ್ದು ಆಟದ ವಿಷಯ, ಕಾದಂಬರಿಯ ವಿಷಯ ಅಲ್ಲ. ಅಂಕಿ ಸರಿ ಇದ್ದ ಮಾತ್ರಕ್ಕೆ ಬರವಣಿಗೆ ಚೆನ್ನಾಗಿರುತ್ತಾ?

ಗಿರಿ: ಈ ಪುಸ್ತಕದಲ್ಲಿ ಇರುತ್ತೆ. ಆ ಅಧ್ಯಾಯದಲ್ಲಿ ಕಥಾನಾಯಕ ಗಂಟೆಗಟ್ಟಲೆ ಒಂದು ಚುಕ್ಕಿ ಬಿಡದೆ ಆಡೋದು ಓದುವಾಗ ಕೈ ಬೆವರುತ್ತೆ. ಯಾಕೆ? ಒಂದು ನೀಲಿ ದೆವ್ವ ತಪ್ಪಿದ್ರೂ ಆ ಅಂಕಿ ಬರಲ್ಲ ಅಂತ ಗೊತ್ತಿದ್ರೆ ತಾನೇ?

ಸುಮಾ: ಗೊತ್ತಿದ್ರೆ! ಗೊತ್ತಿಲ್ಲದೋರಿಗೆ? ನನ್ನ ತಕರಾರು ಇಷ್ಟೇ. ಲೇಖಕ ಅರ್ನೆಸ್ಟ್ ಕ್ಲೈನ್ ಆಟದ ನಿಯಮ ಹೇಳಿದ ಕಡೆ ಪುಸ್ತಕ ಓಡುತ್ತೆ. ಬರೀ ಹೆಸರು ಹೇಳಿದ ಕಡೆ ನಿಂತುಬಿಡುತ್ತೆ. ಇಂಥ ಸಿನಿಮಾ ಇಷ್ಟು ಸಲ ನೋಡಿದ್ದೀನಿ, ಇಂಥ ಬ್ಯಾಂಡ್ ಕಂಠಪಾಠ ಅಂತ ಪುಟಗಟ್ಟಲೆ. ಅದು ಪರೀಕ್ಷೆಗೆ ಬಾಯಿಪಾಠ ಮಾಡಿದ ಹುಡುಗನ ಉತ್ತರಪತ್ರಿಕೆ ಥರ. ಜೌಸ್ಟ್ ಬರೋ ಭಾಗ ನೋಡು, ಅಲ್ಲಿ ಹೆಸರು ಗೊತ್ತಿಲ್ಲದಿದ್ರೂ ಪರವಾಗಿಲ್ಲ.

ನಾಗು: ಜೌಸ್ಟ್ ಅಂದ್ರೆ?

ಸುಮಾ: 1982ರ ಆಟ. ಉಷ್ಟ್ರಪಕ್ಷಿ ಮೇಲೆ ಕೂತ ಸವಾರ. ಬಟನ್ ಒಂದೇ, ರೆಕ್ಕೆ ಬಡಿಯೋಕೆ. ಡಿಕ್ಕಿ ಆದಾಗ ಯಾರ ಈಟಿ ಮೇಲಿದೆಯೋ ಅವರು ಗೆದ್ರು, ಸಮ ಆದ್ರೆ ಇಬ್ರೂ ಪುಟಿದು ಹಿಂದಕ್ಕೆ. ಅಷ್ಟೇ ನಿಯಮ. ಪುಸ್ತಕದ ಮೊದಲ ಸವಾಲು ಇದು: ಭೂತದ ಸಮಾಧಿಯೊಳಗೆ ಒಂದು ಪ್ರೇತರಾಜನ ಎದುರು, ಮೂರರಲ್ಲಿ ಎರಡು ಗೆಲ್ಬೇಕು. ಬಟನ್ ಜೋರಾಗಿ ಬಡಿದ್ರೆ ಮೇಲೆ ಹೋಗ್ತೀಯ, ಆದ್ರೆ ಇಳಿಯೋದು ನಿನ್ನ ಕೈಲಿಲ್ಲ. ಹೊಸಬರು ಸಾಯೋದು ಅದಕ್ಕೇ, ಮೇಲಕ್ಕೆ ಹೋಗಿ ಸೂರಿಗೆ ತಾಗಿ ಎದುರಾಳಿಯ ಕೆಳಗೆ ಬೀಳ್ತಾರೆ. ನಾಗು, ಸಿನಿಮಾದಲ್ಲಿ ಇದು ಇದೆಯಾ?

ನಾಗು: ಇಲ್ಲ. ಅಲ್ಲಿ ಕಾರ್ ರೇಸ್.

ಸುಮಾ: ಹಾಂ. ಮೂರನೇ ಪಾಯಿಂಟ್ ಅಲ್ಲೇ ಬಿತ್ತು. 2018ರ ಸಿನಿಮಾಕ್ಕೆ ಎಲ್ಲ ಕಣ್ಣಿಗೆ ಕಾಣ್ಬೇಕು, ಅದಕ್ಕೆ ರೇಸ್. ಒಬ್ಬ ಸುಮ್ಮನೆ ನಿಂತು ಜಾಯ್‌ಸ್ಟಿಕ್ ಅಲ್ಲಾಡಿಸೋದನ್ನ ಹತ್ತು ನಿಮಿಷ ಪರದೆ ಮೇಲೆ ತೋರಿಸೋಕಾಗಲ್ಲ. ಪುಟದಲ್ಲಿ ಆಗುತ್ತೆ.

ಶೈಲಾ: ಹಳೇ ಆಟದಲ್ಲಿ ಕ್ಲೈನ್ ಪಕ್ಕಾ, ಒಪ್ಪಿದೆ. ಕಥೆ ನಡೆಯೋ ವಿಆರ್, ಅಂದ್ರೆ ಹೆಡ್‌ಸೆಟ್ ಹಾಕ್ಕೊಂಡು ಒಳಗೆ ಹೋಗೋ ಕೃತಕ ಲೋಕ, ಅದರ ವಿಷಯದಲ್ಲಿ ಮಾತ್ರ ಬೇಕಾದ ಕಡೆ ಕಣ್ಣು ಮುಚ್ಚಿದ್ದಾನೆ. ಅದನ್ನ ಯಾರೂ ಹೇಳ್ತಿಲ್ಲ.

ಗಿರಿ: 2011ರಲ್ಲಿ ಬಂದ ಪುಸ್ತಕ ಕಣೇ. ಆಕ್ಯುಲಸ್ ಹೆಡ್‌ಸೆಟ್ ಜನರಿಂದ ದುಡ್ಡು ಎತ್ತೋಕೆ ಕಿಕ್‌ಸ್ಟಾರ್ಟರ್‌ಗೆ ಬಂದಿದ್ದೇ 2012ರಲ್ಲಿ.

ಶೈಲಾ: ಹೆಡ್‌ಸೆಟ್ ಬಗ್ಗೆ ತಕರಾರಿಲ್ಲ. ಅಕ್ಷಿಪಟಲದ ಮೇಲೇ ಲೇಸರ್‌ನಿಂದ ಚಿತ್ರ ಬರೆಯೋ ಕನ್ನಡಕ ಅಂತಾನೆ, ಅದು ಜಾಣ ಆಯ್ಕೆ. ಈಗಿನ ಹೆಡ್‌ಸೆಟ್‌ನಲ್ಲಿ ಪರದೆ ಒಂದೇ ದೂರಕ್ಕೆ ಫೋಕಸ್ ಆಗಿರುತ್ತೆ, ಕಣ್ಣುಗಳು ಮಾತ್ರ ಹತ್ತಿರದ ವಸ್ತು ನೋಡೋಕೆ ಒಳಕ್ಕೆ ತಿರುಗ್ತವೆ. ಆ ಜಗಳದಿಂದ ಕಣ್ಣು ಸೋಲುತ್ತೆ. ಲೇಸರ್ ಸಣ್ಣ ಕಿರಣವಾಗಿ ಒಳಗೆ ಹೋದ್ರೆ ಎಲ್ಲವೂ ಸ್ಪಷ್ಟ, ಆ ಜಗಳ ಇರಲ್ಲ. ಅದರದ್ದೇ ತೊಂದರೆ ಬೇರೆ: ಪಾಪೆ ಸ್ವಲ್ಪ ಆಚೀಚೆ ಸರಿದ್ರೂ ಚಿತ್ರ ಪೂರ್ತಿ ಮಾಯ. ಕಣ್ಣಿನ ಹಿಂದೆ ಹಿಂದೆ ಕಿರಣ ಓಡ್ಬೇಕು.

ನನ್ನ ತಕರಾರು ಎರಡು. ಒಂದು, ವಾಕರಿಕೆ. ಕಥಾನಾಯಕ ಕುರ್ಚಿಯಲ್ಲಿ ಕೂತು ಡೆಲೋರಿಯನ್ ಕಾರು ಓಡಿಸ್ತಾನೆ. ಕಣ್ಣು ‘ಓಡ್ತಿದೆ’ ಅನ್ನುತ್ತೆ, ಒಳಕಿವಿ ‘ಕೂತಿದೀಯ’ ಅನ್ನುತ್ತೆ. ಹೊಟ್ಟೆ ತೊಳೆಸೋದು ಅಲ್ಲಿಂದ. ತಲೆ ತಿರುಗಿಸಿ ಚಿತ್ರ ತಿರುಗೋಕೆ 20 ಮಿಲಿಸೆಕೆಂಡ್ ಒಳಗೆ ಆಗ್ಬೇಕು ಅಂತ ಎಷ್ಟು ಬಿಗಿ ಮಾಡಿದ್ರೂ ಈ ತೊಂದರೆ ಹೋಗಲ್ಲ, ಯಾಕಂದ್ರೆ ಇದು ತಡದ ಪ್ರಶ್ನೆ ಅಲ್ಲ. ಎರಡನೇದು ದೂರ. ಇಡೀ ಲೋಕ ಒಂದೇ ಜಾಗದಲ್ಲಿ ಹೊಡೆದಾಡುತ್ತೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್. 10,000 ಕಿಲೋಮೀಟರ್ ಆಚೆ ಇರೋನಿಗೆ ಹೋಗಿ ಬರೋಕೆ 100 ಮಿಲಿಸೆಕೆಂಡ್, ದಾರಿಯಲ್ಲಿ ಯಾವ ರೂಟರ್ರೂ ತಡ ಮಾಡದಿದ್ರೂ. ಒಂದು ಫ್ರೇಮ್ (ಪರದೆಯ ಒಂದು ಚಿತ್ರ) 16.5 ಮಿಲಿಸೆಕೆಂಡ್ ಅಂದ್ರೆ ಆರು ಫ್ರೇಮ್ ಹಿಂದೆ. ಜೌಸ್ಟ್‌ನಲ್ಲಿ ಆರು ಫ್ರೇಮ್‌ಗೆ ಈಟಿ ಮೇಲಿಂದ ಕೆಳಗಾಗುತ್ತೆ.

ಗಿರಿ: ಆದ್ರೆ ಪ್ರೇತರಾಜ ಮನುಷ್ಯನಲ್ಲ, ಪ್ರೋಗ್ರಾಂ. ಆಟಗಾರನ ಮೆಶಿನ್‌ನಲ್ಲೇ ಓಡಬಹುದು. ಆ ಒಂದು ದೃಶ್ಯಕ್ಕೆ ನಿನ್ನ ಲೆಕ್ಕ ತಗಲಲ್ಲ.

ಶೈಲಾ: ಆ ಒಂದಕ್ಕೆ ಒಪ್ಪಿದೆ. ಕೊನೆಯ ಯುದ್ಧಕ್ಕೆ ಏನು ಹೇಳ್ತೀಯ?

ಗಿರಿ: ಕೊನೆಯ ಯುದ್ಧಕ್ಕೆ ಏನೂ ಹೇಳಲ್ಲ.

ನಾಗು: ಅಡ್ಮಿನ್, ಫಾರ್ವರ್ಡ್ ಡಿಲೀಟ್ ಮಾಡ್ಲಾ?

ಅಡ್ಮಿನ್: ಬೇಡ, ಇರ್ಲಿ. ಎಷ್ಟೋ ದಿನದ ಮೇಲೆ ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಏನೋ ಬಂದಿದೆ.

ನಾಗು: ಹಾಗಾದ್ರೆ ಓದ್ತೀನಿ. ಪ್ರತಿ ಹೆಸರಿಗೂ ಗೂಗಲ್ ಮಾಡ್ತಾ ಕೂರ್ಬೇಕಾ?

ಸುಮಾ: ಖಂಡಿತ ಬೇಡ. ಹೆಸರಿನ ಪಟ್ಟಿ ಬಂದ್ರೆ ದಾಟಿಕೊಂಡು ಹೋಗು, ಏನೂ ನಷ್ಟ ಇಲ್ಲ. ಮೂರೇ ಆಟ ಮುಟ್ಟಿ ನೋಡು: ಜೌಸ್ಟ್, ಪ್ಯಾಕ್‌ಮ್ಯಾನ್, ಅಡ್ವೆಂಚರ್. ಆ ಆ ಅಧ್ಯಾಯಕ್ಕೆ ಮುಂಚೆ ಅರ್ಧ ಗಂಟೆ ಸಾಕು.

ಶೈಲಾ: ಹೆಡ್‌ಸೆಟ್ ಹಾಕ್ಕೊಂಡು ವರ್ಚುವಲ್ ಆರ್ಕೇಡ್‌ನಲ್ಲಿ ಆಡೋದಾದ್ರೆ ಒಂದು ಮಾತು. ಪ್ಯಾಕ್‌ಮ್ಯಾನ್ ಪರದೆ 224 ಅಗಲ, 288 ಎತ್ತರ. ಡಿಗ್ರಿಗೆ 20 ಪಿಕ್ಸೆಲ್ ಇರೋ ಹೆಡ್‌ಸೆಟ್‌ನಲ್ಲಿ ಪರದೆ 30 ಡಿಗ್ರಿ ಎತ್ತರ ಕಂಡ್ರೆ 600 ಪಿಕ್ಸೆಲ್ ಸಿಗುತ್ತೆ, ಆಟದ ಒಂದು ಪಿಕ್ಸೆಲ್‌ಗೆ ಎರಡಕ್ಕಿಂತ ಚೂರು ಜಾಸ್ತಿ. ಸರಿಯಾಗಿ ಎರಡು ಅಲ್ಲದ್ದರಿಂದ ಚುಕ್ಕಿಗಳು ಮಿಣಮಿಣ ಅಂತವೆ. ಒಂದು ಹೆಜ್ಜೆ ಮುಂದೆ ಹೋಗಿ ನಿಂತ್ರೆ ಕಮ್ಮಿ ಆಗುತ್ತೆ. ಇನ್ನೊಂದು, ಆ ಆಟ ಸೆಕೆಂಡಿಗೆ 60.6 ಫ್ರೇಮ್. ಹೆಡ್‌ಸೆಟ್ 72 ಅಥವಾ 90ರಲ್ಲಿದ್ರೆ ದೆವ್ವಗಳು ಎಡವಿದ ಹಾಗೆ ಕಾಣ್ತವೆ. 120ಕ್ಕೆ ಇಡು, ಹತ್ತಿರತ್ತಿರ ಎರಡರಷ್ಟು ಆಗುತ್ತೆ.

ಗಿರಿ: ನಾನು ಹೇಳೋದು ಹೆಡ್‌ಸೆಟ್ ಬೇಡ, ಸ್ಟಿಕ್ ನೋಡು. ಮೂಲ ಮೆಶಿನ್‌ದು ನಾಲ್ಕು ದಿಕ್ಕಿನ ಸ್ಟಿಕ್. ಈಗಿನ ಗೇಮ್‌ಪ್ಯಾಡ್ ಎಂಟು ದಿಕ್ಕು. ತಿರುವಿನಲ್ಲಿ ಬೆರಳು ಮೂಲೆಗೆ ಜಾರಿ ‘ಮೇಲೆ, ಬಲ’ ಎರಡೂ ಒಟ್ಟಿಗೆ ಹೋಗುತ್ತೆ, ಪ್ಯಾಕ್‌ಮ್ಯಾನ್ ತಿರುವು ಬಿಟ್ಟು ನೇರ ಹೋಗ್ತಾನೆ. ತಪ್ಪು ನಿಂದಲ್ಲ, ಸ್ಟಿಕ್‌ದು. ಸ್ಟಿಕ್ ಕೆಳಗೆ ದಿಕ್ಕು ಕಟ್ಟಿಹಾಕೋ ತಗಡು ಇರುತ್ತೆ, ಅದನ್ನ ನಾಲ್ಕಕ್ಕೆ ತಿರುಗಿಸಿ ಹಾಕು. ಇಲ್ಲಾಂದ್ರೆ ಕೀಬೋರ್ಡ್ ಬಾಣದ ಕೀಗಳೇ ವಾಸಿ. ತಿರುವು ಬರೋಕೆ ಸ್ವಲ್ಪ ಮುಂಚೆನೇ ಒತ್ತು. ಅವನು ಮೂಲೆ ಕತ್ತರಿಸ್ಕೊಂಡು ಹೋಗ್ತಾನೆ, ದೆವ್ವಕ್ಕೆ ಅದು ಬರಲ್ಲ. ಟಿವಿಗೆ ಹಾಕಿದ್ರೆ ಗೇಮ್ ಮೋಡ್ ಆನ್ ಮಾಡು, ಇಲ್ಲಾಂದ್ರೆ ಆ ಮುಂಚೆ ಒತ್ತಿದ್ದು ತಡವಾಗಿ ಹೋಗುತ್ತೆ.

ಗುಲಾಬಿ ದೆವ್ವ ನಿನ್ನ ಮುಂದಿನ ನಾಲ್ಕನೇ ಮನೆಗೆ ಗುರಿ ಇಡುತ್ತೆ. ನೀನು ಮೇಲ್ಮುಖ ಇದ್ರೆ ಲೆಕ್ಕ ತಪ್ಪಿ ನಾಲ್ಕು ಮನೆ ಎಡಕ್ಕೂ ಸರಿಯುತ್ತೆ. ಪ್ರೋಗ್ರಾಂನ ದೋಷ ಅದು. ಒಂದೇ ಥರ ಆಡಿದ್ರೆ ದೆವ್ವಗಳೂ ಒಂದೇ ಥರ ಓಡ್ತವೆ. ದಾರಿ ಬಾಯಿಪಾಠ ಮಾಡಿ ಆಡೋದು ಸಾಧ್ಯ ಆಗಿರೋದೇ ಅದಕ್ಕೆ.

ಸುಮಾ: ನೋಡು, ಕೊನೆಗೂ ಬಾಯಿಪಾಠಕ್ಕೇ ಬಂದೆ.

ಗಿರಿ: ಇದು ಬೇರೆ ಬಾಯಿಪಾಠ, ಕೈಯದ್ದು.

ನಾಗು: ಅಡ್ವೆಂಚರ್‌ನಲ್ಲಿ ಏನಿದೆ?

ಗಿರಿ: ಪುಸ್ತಕ, ಸಿನಿಮಾ ಎರಡರದ್ದೂ ಕೊನೆ ಅದು. ಟಿವಿಗೆ ಹಾಕಿ ಆಡೋ ಅಟಾರಿ 2600 ಮೆಶಿನ್‌ನ ಆಟ. ಅಟಾರಿ ಕಂಪನಿ ಆಟ ಬರೆದವರ ಹೆಸರು ಹಾಕ್ತಿರಲಿಲ್ಲ, ಇದನ್ನ ಬರೆದ ವಾರೆನ್ ರಾಬಿನೆಟ್ ತನ್ನ ಹೆಸರನ್ನ ಒಂದು ಗುಪ್ತ ಕೋಣೆಯಲ್ಲಿ ಬಚ್ಚಿಟ್ಟ. ಸ್ಟೆಲ್ಲಾ ಎಮ್ಯುಲೇಟರ್‌ನಲ್ಲಿ (ಅಟಾರಿ ಆಟ ಕಂಪ್ಯೂಟರ್‌ನಲ್ಲಿ ಓಡಿಸೋ ಪ್ರೋಗ್ರಾಂ) ಎರಡನೇ ಆಟ ಆರಿಸು, ಮೊದಲನೇದರಲ್ಲಿ ಆಗಲ್ಲ. ಎಡ ಡಿಫಿಕಲ್ಟಿ ಸ್ವಿಚ್ ಬಿಯಲ್ಲಿರ್ಲಿ, ಡ್ರ್ಯಾಗನ್ ಕಚ್ಚೋ ಮುಂಚೆ ಸ್ವಲ್ಪ ತಡೆಯುತ್ತೆ.

ಕಪ್ಪು ಕೀಲಿಯಿಂದ ಕಪ್ಪು ಕೋಟೆ ತೆಗಿ, ಸೇತುವೆ ಜೊತೆಗೆ ತಗೊಂಡು ಹೋಗು. ಒಳಗಿನ ಕತ್ತಲೆ ದಾರಿಯಲ್ಲಿ ಬಾಗಿಲೇ ಇಲ್ಲದ ಒಂದು ಗೂಡು ಇದೆ, ಸೇತುವೆ ಹಾಕಿ ದಾಟು. ಅಲ್ಲಿ ಒಂದು ಪಿಕ್ಸೆಲ್‌ನ ಚುಕ್ಕಿ ಇದೆ, ಹಿನ್ನೆಲೆಯ ಬೂದು ಬಣ್ಣವೇ ಅದಕ್ಕೂ, ಕಾಣಲ್ಲ. ಕೆಳಗೋಡೆ ಉದ್ದಕ್ಕೂ ಸವರ್ಕೊಂಡು ಹೋಗು, ಎತ್ತಿಕೊಂಡ ಸದ್ದು ಬಂದ್ರೆ ಸಿಕ್ತು. ಹಳದಿ ಕೋಟೆಯ ಕೆಳಗಿನ ಕೋಣೆ, ಅಲ್ಲಿಂದ ಬಲಕ್ಕೆ ಹೋದ್ರೆ ಬಲತುದಿಯಲ್ಲಿ ತೆಳು ಕಪ್ಪು ಗೆರೆ. ಅಲ್ಲಿ ಚುಕ್ಕಿ ಇಳಿಸು, ಇನ್ನೂ ಎರಡು ವಸ್ತು ತಂದು ಹಾಕು. ಎಲ್ಲ ಮಿಟುಕೋಕೆ ಶುರು ಆಗುತ್ತೆ, ಅವನ ಪ್ರೋಗ್ರಾಂ ಒಂದು ಸಲಕ್ಕೆ ಎರಡೇ ವಸ್ತು ತೋರಿಸುತ್ತೆ, ಸರದಿ ಮೇಲೆ. ಆಗ ಗೆರೆ ದಾಟಿ ನಡಿ.

ಸುಮಾ: ಒಂದು ತಿದ್ದುಪಡಿ. ಪುಸ್ತಕ ಇದನ್ನ ಮೊಟ್ಟಮೊದಲ ಈಸ್ಟರ್ ಎಗ್ (ಆಟ ಬರೆದವರು ಒಳಗೆ ಬಚ್ಚಿಟ್ಟ ಗುಟ್ಟು) ಅನ್ನುತ್ತೆ. ಆದ್ರೆ 1977ರ ಅಟಾರಿ ಆರ್ಕೇಡ್ ಆಟ ಸ್ಟಾರ್‌ಶಿಪ್ 1ರಲ್ಲಿ ‘ಹೈ ರಾನ್’ ಅಂತ ಬರುತ್ತೆ. ಅದು ಬಯಲಾಗಿದ್ದು 2017ರಲ್ಲಿ, ಕ್ಲೈನ್ ಮೇಲೆ ತಪ್ಪು ಹೊರಿಸೋಕಾಗಲ್ಲ.

ನಾಗು: ಆ ಆಟದಲ್ಲಿ ವಸ್ತು ಕದಿಯೋ ಬಾವಲಿ ಇದೆಯಂತಲ್ಲ, ಅದು ಬಂದು ಸೇತುವೆ ಎತ್ಕೊಂಡು ಹೋದ್ರೆ? ಗೂಡೊಳಗೇ ಸಿಕ್ಕಿಹಾಕ್ಕೊಳ್ಳಲ್ವಾ?

ಗಿರಿ: ಸಿಕ್ಕಿಹಾಕ್ಕೊಳ್ತೀಯ. ಆಗ ಸೆಲೆಕ್ಟ್ ಮುಟ್ಬೇಡ, ಆಟ ಮೊದಲಿಂದ ಶುರು ಆಗುತ್ತೆ. ರೀಸೆಟ್ ಒತ್ತು. ನೀನು ಹಳದಿ ಕೋಟೆ ಹತ್ರ ಎದ್ದೇಳ್ತೀಯ, ವಸ್ತುಗಳು ಇದ್ದಲ್ಲೇ ಇರ್ತವೆ. ಕೊಂದ ಡ್ರ್ಯಾಗನ್‌ಗಳೂ ಎದ್ದಿರ್ತವೆ, ಕತ್ತಿ ಎಲ್ಲಿ ಬಿಟ್ಟಿದ್ದೀಯ ನೆನಪಿಟ್ಕೊ.