ಮಾಡೆಲ್ 2ಎ ಬೋರ್ಡ್: ಆಕಾರ ಸರಿ ಇದೆ, ಬಟ್ಟೆ ಮೇಲೆ ಗೀರು

ಕೋಡಿಬಾಗ್_ಗೇಮರ್
ಸೆಗಾ ಮಾಡೆಲ್ 2ಎ (ಹಳೇ ಆರ್ಕೇಡ್ ಗೇಮ್ ಯಂತ್ರದ) ಬೋರ್ಡ್, ಆಟ ವರ್ಚುವಾ ಫೈಟರ್ 2. ಕಾರವಾರದಲ್ಲಿ, ಕಡಲಿಗೆ ಹತ್ತಿರದ ಮನೆ. ಹಳೇ 15 ಕಿಲೋಹರ್ಟ್ಸ್ ಆರ್ಕೇಡ್ ಮಾನಿಟರಿಗೆ ಕೊಟ್ಟರೆ ಚಿತ್ರ ಅಡ್ಡಡ್ಡ ಹರಿದು ಓಡುತ್ತೆ. ಜಿಬಿಎಸ್-8200 (ಆರ್ಕೇಡ್ ಸಿಗ್ನಲನ್ನ ವಿಜಿಎಗೆ ಬದಲಿಸೋ ಬೋರ್ಡ್) ಮೂಲಕ ವಿಜಿಎ ಮಾನಿಟರಿಗೆ ಹಾಕಿದರೆ ನಿಲ್ಲುತ್ತೆ, ಆದರೆ ಬಣ್ಣ ಬೆಳ್ಳಗೆ ಸುಟ್ಟ ಹಾಗೆ. ಪಾತ್ರಗಳ ಆಕಾರ, ಚಲನೆ ಸರಿ ಇದೆ. ಬಟ್ಟೆ ಮತ್ತು ನೆಲದ ಮೇಲೆ ಮಾತ್ರ ಗೀರುಗೀರು. ಇಪ್ಪತ್ತು ನಿಮಿಷಕ್ಕೆ ರೀಸೆಟ್ ಆಗುತ್ತೆ. ಗ್ರಾಫಿಕ್ಸ್ ಚಿಪ್‌ಗೆ ಹಾಟ್ ಏರ್ (ಬೆಸುಗೆ ಕರಗಿಸೋ ಬಿಸಿಗಾಳಿ) ಹೊಡೆಸಬೇಕಾ?

ಸಿರ್ಸಿ_ಸೋಲ್ಡರ್
ಹಾಟ್ ಏರ್ ಸದ್ಯ ದೂರ ಇಡಿ ಮಾರಾಯ್ರೆ. ಲಕ್ಷಣ ನೀವೇ ಹೇಳಿಬಿಟ್ಟಿದ್ದೀರಿ. 1992ರ ಮಾಡೆಲ್ 1ರಲ್ಲಿ ಟೆಕ್ಸ್ಚರ್ ಇರಲಿಲ್ಲ, ಬರೀ ಬಣ್ಣ ತುಂಬಿದ ಪಾಲಿಗನ್ (ಆಕಾರ ಕಟ್ಟೋ ಚಪ್ಪಟೆ ತುಂಡು). ಮಾಡೆಲ್ 2ರಲ್ಲಿ ಆ ಪಾಲಿಗನ್‌ಗೆ ಚಿತ್ರದ ಹೊದಿಕೆ ಬಂತು. ಆಕಾರದ ಡೇಟಾ ಒಂದು ಗುಂಪು ರಾಮ್‌ಗಳಲ್ಲಿ (ROM, ಆಟದ ಡೇಟಾ ಕಾಯಂ ಇರೋ ಚಿಪ್), ಹೊದಿಕೆಯ ಡೇಟಾ ಬೇರೆ ಗುಂಪಿನಲ್ಲಿ. ನಿಮ್ಮಲ್ಲಿ ಕೈಕಾಲು ಸರಿಯಾಗಿ ಆಡ್ತಾ ಇರೋದರಿಂದ ಲೆಕ್ಕ ಮಾಡುವ ಡಿಎಸ್‌ಪಿ ಚಿಪ್‌ಗಳ ಮೇಲೆ ಅನುಮಾನ ಕಮ್ಮಿ. ಅವು ಕೆಟ್ಟಿದ್ದರೆ ಪಾಲಿಗನ್‌ಗಳು ಮೂಲೆಮೂಲೆಗೆ ಎಳೆದು ಚೂಪಾಗಿ ಚಿಮ್ಮುತ್ತವೆ.

ಟೆಸ್ಟ್ ಬಟನ್ ಒತ್ತಿ ಮೆಮೊರಿ ಟೆಸ್ಟ್ ಹಾಕಿ. ಐಸಿ ನಂಬರ್ ಎದುರು ಗುಡ್ ಅಥವಾ ಬ್ಯಾಡ್ ಬರುತ್ತೆ. ಬ್ಯಾಡ್ ಬಂದದ್ದನ್ನ ಸಾಕೆಟ್‌ನಿಂದ ಎರಡೂ ತುದಿಯಲ್ಲಿ ಸ್ವಲ್ಪಸ್ವಲ್ಪವೇ ಎತ್ತಿ ತೆಗೀರಿ. ಒಂದೇ ಕಡೆ ಮೀಟಿದರೆ ಕಾಲು ಬಾಗಿ ಮುರಿಯುತ್ತೆ. ಚಿಪ್‌ನ ತುದಿಯ ಕಚ್ಚು ಯಾವ ಕಡೆಗಿತ್ತು ಅಂತ ಮೊದಲೇ ಫೋಟೋ ತೆಗೆದುಕೊಳ್ಳಿ. ಉಪ್ಪುಗಾಳಿಗೆ ಕಾಲು ಕಪ್ಪಾಗಿರುತ್ತೆ, ಮೆತ್ತನೆ ರಬ್ಬರಿನಿಂದ ಉಜ್ಜಿ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿ. ಸ್ಯಾಂಡ್‌ಪೇಪರ್ ಬೇಡ, ಲೇಪ ಹೋದರೆ ಮತ್ತೆ ಬೇಗ ಕಪ್ಪಾಗುತ್ತೆ. ತುಕ್ಕು ಬಿಡಿಸೋ ಎಣ್ಣೆ ಸ್ಪ್ರೇಯೂ ಬೇಡ. ಬೋರ್ಡ್‌ಗಳು ಒಂದರ ಮೇಲೊಂದು ಕೂತಿರೋದರಿಂದ ಅವುಗಳ ನಡುವಿನ ಕನೆಕ್ಟರ್‌ಗಳನ್ನೂ ಬಿಚ್ಚಿ ಮರಳಿ ಕೂರಿಸಿ.

ಅಂಕೋಲಾ_ವೋಲ್ಟ್
ಚಿತ್ರ ಹರಿಯೋದು ಕೆಟ್ಟದ್ದಕ್ಕಲ್ಲ. ಮಾಡೆಲ್ 2 ಕೊಡೋದು 496x384, ಸುಮಾರು 24 ಕಿಲೋಹರ್ಟ್ಸ್ (ಸೆಕೆಂಡಿಗೆ 24 ಸಾವಿರ ಅಡ್ಡಗೆರೆ). 15ರ ಮಾನಿಟರಿಗೆ ಅದು ಹಿಡಿಯೋದೇ ಇಲ್ಲ. ಬಲವಂತ ಮಾಡಬೇಡಿ, ಮಾನಿಟರಿನ ಲೈನ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಜಿಬಿಎಸ್ ದಾರಿಯೇ ಸರಿ. ಬೆಳ್ಳಗಾಗೋದು ಸಿಗ್ನಲ್ ಜೋರಾಗಿರೋದಕ್ಕೆ: ಜಿಬಿಎಸ್‌ಗೆ ಬೇಕಾದದ್ದು 0.7 ವೋಲ್ಟ್. ಕೆಂಪು, ಹಸಿರು, ನೀಲಿ ಮೂರಕ್ಕೂ 330 ಓಂ ಸರಣಿಯಲ್ಲಿ ಹಾಕಿ. ಒಳಗಿನ 75 ಓಂ ಜೊತೆ ಹಂಚಿಕೊಂಡು 4 ವೋಲ್ಟ್ ಬಂದರೂ 0.74ಕ್ಕೆ ಇಳಿಯುತ್ತೆ. ಸಿಂಕ್ (ಚಿತ್ರವನ್ನ ತಾಳಕ್ಕೆ ಹಿಡಿಯೋ ಸಿಗ್ನಲ್) ಲೈನಿಗೆ ಈ ಲೆಕ್ಕ ಅನ್ವಯಿಸಬೇಡಿ.

ರೀಸೆಟ್‌ಗೆ ನನ್ನ ಮೊದಲ ಅನುಮಾನ 5 ವೋಲ್ಟ್. ಸಪ್ಲೈ ಹತ್ತಿರ ಅಳೆದರೆ ಏನೂ ಗೊತ್ತಾಗಲ್ಲ. ಆಟ ಓಡ್ತಿರುವಾಗ ಬೋರ್ಡಿನ ಮೇಲಿನ 14 ಕಾಲಿನ 74 ಸರಣಿ ಲಾಜಿಕ್ ಐಸಿಯ 7 ಮತ್ತು 14ನೇ ಕಾಲಲ್ಲಿ ಅಳೆಯಿರಿ (ಈ ಸರಣಿಯ ಬಹುತೇಕ ಐಸಿಗಳಲ್ಲಿ ಪವರ್ ಅಲ್ಲೇ). 4.75ಕ್ಕಿಂತ ಕೆಳಗಿದ್ದರೆ ಅಲ್ಲೇ ಇದೆ ಕಾರಣ. 10 ಆಂಪಿಯರ್ ಹರಿಯುವಾಗ ಹಳಸಿದ ಕ್ರಿಂಪ್‌ನ (ವೈರ್ ತುದಿಗೆ ಒತ್ತಿ ಕೂರಿಸಿದ ಲೋಹದ ತುಂಡು) 0.05 ಓಂ ಸಾಕು, ಅರ್ಧ ವೋಲ್ಟ್ ಕಳೆದುಹೋಗೋಕೆ. ಕ್ರಿಂಪ್ ಹೊಸದು ಹಾಕಿ, 5 ವೋಲ್ಟಿಗೂ ಗ್ರೌಂಡಿಗೂ ಎರಡೆರಡು ದಪ್ಪ ವೈರ್ ಕೊಡಿ. ಆಮೇಲೆ ಸಪ್ಲೈಯ ಪಾಟ್ (ವೋಲ್ಟೇಜ್ ಏರಿಳಿಸೋ ತಿರುಪು) 5.05ಕ್ಕೆ ತಿರುಗಿಸಿ. ವೈರ್ ಬಿಟ್ಟು ಬರೀ ಪಾಟ್ ತಿರುಗಿಸೋದು ಕೆಟ್ಟ ಚಾಳಿ, 5.25 ದಾಟಬಾರದು.

ಕೋಡಿಬಾಗ್_ಗೇಮರ್
ಬೋರ್ಡಿನ ಮೇಲೆ 4.62 ಬಂತು! ಟೆಸ್ಟ್‌ನಲ್ಲಿ ಎರಡು ಬ್ಯಾಡ್. ಮಳೆಗಾಲದಲ್ಲಿ ಎಲ್ಲಿ ಇಡೋದು?

ಸಿರ್ಸಿ_ಸೋಲ್ಡರ್
ಮೊದಲು ವೈರ್, ಆಮೇಲೆ ಟೆಸ್ಟ್ ಮತ್ತೊಮ್ಮೆ. ವೋಲ್ಟೇಜ್ ಇಳಿದಿದ್ದರೆ ಒಳ್ಳೇ ರಾಮ್ ಕೂಡ ಬ್ಯಾಡ್ ಅಂತ ತೋರಿಸುತ್ತೆ. ಆಗಲೂ ಬ್ಯಾಡ್ ಬಂದರೆ ಮಾತ್ರ ರಾಮ್ ಎತ್ತಿ.

ಇಡೋಕೆ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬ, ಬೋರ್ಡಿಗೆ ಆಂಟಿಸ್ಟ್ಯಾಟಿಕ್ ಚೀಲ, ಜೊತೆಗೆ ನೀಲಿ ಸಿಲಿಕಾ ಜೆಲ್. ಜೆಲ್ ಗುಲಾಬಿಯಾದರೆ ಹುರಿದು ಮತ್ತೆ ಹಾಕಿ, ಅಡುಗೆ ಬಾಣಲೆಯಲ್ಲಿ ಮಾತ್ರ ಬೇಡ. ಅಡಿಕೆ ಒಣಗಿಸಿದ ಹಾಗೆ ಒಲೆ ಮೇಲಿನ ಅಟ್ಟಕ್ಕೆ ಏರಿಸಬೇಡಿ, ಬೆಚ್ಚಗಿರುತ್ತೆ ನಿಜ, ಹೊಗೆಯ ಜಿಡ್ಡು ಕನೆಕ್ಟರ್‌ಗೆ ಅಂಟುತ್ತೆ. ಡಬ್ಬದಿಂದ ತೆಗೆದ ದಿನ ಕರೆಂಟ್ ಕೊಡಬೇಡಿ, ಒಂದು ದಿನ ಕೋಣೆಯಲ್ಲೇ ಬಿಡಿ.