ಪಟಾಕಿಯಲ್ಲಿ ನೀಲಿ ಬಣ್ಣ ಮಾತ್ರ ಯಾಕೆ ಮಂಕು?

ತುಮಕೂರು_ಅಪ್ಪ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಎಂಟನೇ ಕ್ಲಾಸು. ಈ ಸಲ ಬಲಿಪಾಡ್ಯಮಿ ರಾತ್ರಿ ಮಹಡಿ ಮೇಲೆ ನಿಂತು ಬೀದಿಯವರೆಲ್ಲ ಬಿಡುತ್ತಿದ್ದ ಬಾಣಬಿರುಸು ನೋಡುತ್ತಿದ್ದೆವು. ಅವಳು ನೋಟ್‌ಬುಕ್ ತಂದು, ಯಾವ ಬಣ್ಣ ಎಷ್ಟು ಸಲ ಬಂತು ಅಂತ ಗೀಟು ಹಾಕುತ್ತಾ ಕೂತಳು. ಕೆಂಪು, ಹಸಿರು, ಬಿಳಿ, ಬಂಗಾರದ ಬಣ್ಣ, ಎಲ್ಲದಕ್ಕೂ ಸಾಲು ಸಾಲು ಗೀಟು. ನೀಲಿಗೆ ಬರೀ ನಾಲ್ಕು. ಆ ನಾಲ್ಕೂ ಹೊಗೆ ಹಿಂದೆ ಇಟ್ಟ ಬಲ್ಬಿನ ಹಾಗೆ ಮಂಕಾಗಿದ್ದವು. "ಅಪ್ಪ, ನೀಲಿ ಪುಡಿ ದುಬಾರೀನಾ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಇನ್ನೊಂದು ಪ್ರಶ್ನೆಯೂ ಅವಳದೇ. ಹೂಕುಂಡದಲ್ಲಿ ಅಷ್ಟೊಂದು ಮದ್ದು ಇರುತ್ತೆ, ಆದರೂ ಬರೀ ಸುರ್ ಅನ್ನುತ್ತೆ. ಬೆರಳುದ್ದದ ಬಾಂಬು ಮಾತ್ರ ಕಿಟಕಿ ಗಾಜು ನಡುಗಿಸುತ್ತೆ. ಯಾಕೆ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಅವಳಿಗೆ ಓದಿ ಹೇಳಬೇಕು.

ಕೆಮಿಸ್ಟ್ರಿ_ಮೇಷ್ಟ್ರು_ಹಾಸನ:

ನಿಮ್ಮ ಮಗಳ ಲೆಕ್ಕ ಸರಿಯಾಗಿಯೇ ಇದೆ ಅಂತ ಮೊದಲು ಅವಳಿಗೆ ಹೇಳಿ. ಪಟಾಕಿ ಮಾಡುವವರಿಗೆ ತುಂಬ ಕಷ್ಟ ಕೊಡುವ ಬಣ್ಣ ನೀಲಿ. ಪುಡಿಯ ರೇಟಿಗೂ ಇದಕ್ಕೂ ಸಂಬಂಧ ಇಲ್ಲ, ನೀಲಿಗೆ ಬೇಕಾದದ್ದು ತಾಮ್ರ ಅಷ್ಟೆ. ತೊಂದರೆ ಇರುವುದು ಬೆಂಕಿಯ ಬಿಸಿಯಲ್ಲಿ.

ಪಟಾಕಿಯಲ್ಲಿ ಬೆಳಕು ಎರಡು ದಾರಿಯಲ್ಲಿ ಬರುತ್ತದೆ. ಒಂದು ಕಮ್ಮಾರನ ಕುಲುಮೆಯ ದಾರಿ. ಕಬ್ಬಿಣ ಕಾಯುತ್ತಾ ಹೋದ ಹಾಗೆ ಮೊದಲು ಕೆಂಪಾಗುತ್ತದೆ, ಆಮೇಲೆ ಕಿತ್ತಳೆ, ಇನ್ನೂ ಕಾಯ್ದರೆ ಬಿಳಿ. ಪಟಾಕಿಯ ಇದ್ದಿಲಿನ ಕಿಡಿ ಅಷ್ಟು ಬಿಸಿ ಏರುವುದಿಲ್ಲ, ಅದಕ್ಕೇ ಅದು ಬಂಗಾರದ ಬಣ್ಣ. ಅಲ್ಯೂಮಿನಿಯಂ, ಮೆಗ್ನೀಸಿಯಂ, ಟೈಟಾನಿಯಂ ಪುಡಿ ಜಾಸ್ತಿ ಬಿಸಿಯಾಗಿ ಉರಿಯುತ್ತವೆ, ಅದಕ್ಕೇ ಕಣ್ಣು ಕುಕ್ಕುವ ಬಿಳಿ. ಸುರುಸುರು ಬತ್ತಿಯಲ್ಲಿ ಕಿಡಿ ಸಿಡಿದು ಅದರಿಂದ ಮತ್ತೆ ಮರಿಕಿಡಿ ಕವಲೊಡೆಯುತ್ತದಲ್ಲ, ಅದು ಕಬ್ಬಿಣದ ಪುಡಿ. ಅದರೊಳಗಿನ ಕಾರ್ಬನ್ ಉರಿದು ಗ್ಯಾಸ್ ಆಗಿ ಬಿಸಿ ಹನಿಯನ್ನು ಒಡೆಯುವುದರಿಂದ ಆ ಕವಲು.

ಎರಡನೇ ದಾರಿ ಅಡುಗೆಮನೆಯಲ್ಲೇ ಇದೆ. ಸಾರು ಉಕ್ಕಿ ಗ್ಯಾಸ್ ಒಲೆ ಮೇಲೆ ಚೆಲ್ಲಿದಾಗ ನೀಲಿ ಉರಿ ತಟ್ಟನೆ ಹಳದಿಯಾಗುತ್ತದೆ, ನೋಡಿದ್ದೀರಲ್ವಾ? ಅದು ಉಪ್ಪಿನ ಸೋಡಿಯಂ. ಬಿಸಿಗೆ ಸೋಡಿಯಂ ಪರಮಾಣುವಿನ ಎಲೆಕ್ಟ್ರಾನ್ ಒಂದು ಮೆಟ್ಟಿಲು ಮೇಲೆ ಹತ್ತುತ್ತದೆ, ಕೆಳಗಿಳಿಯುವಾಗ 589 ನ್ಯಾನೋಮೀಟರ್ ಅಲೆಯುದ್ದದ ಹಳದಿ ಬೆಳಕು ಬಿಡುತ್ತದೆ. ಒಂದೊಂದು ಲೋಹಕ್ಕೂ ಅದರದೇ ಮೆಟ್ಟಿಲು, ಅದರದೇ ಬಣ್ಣ. ಸ್ಟ್ರಾನ್ಷಿಯಂ ಕೆಂಪು, ಬೇರಿಯಂ ಹಸಿರು, ಕ್ಯಾಲ್ಸಿಯಂ ಕಿತ್ತಳೆ, ತಾಮ್ರ ನೀಲಿ.

ಈಗ ಮುಖ್ಯ ವಿಷಯ. ಒಳ್ಳೆಯ ಹಸಿರು ಮತ್ತು ನೀಲಿ ಕೊಡುವುದು ಬರೀ ಲೋಹ ಅಲ್ಲ. ಬೆಂಕಿಯೊಳಗೆ ಲೋಹದ ಒಂದು ಪರಮಾಣು ಕ್ಲೋರಿನ್‌ನ ಒಂದು ಪರಮಾಣುವಿನ ಜೊತೆ ಸೇರಿ ಒಂದು ಜೋಡಿ ಆಗುತ್ತದೆ, ಆ ಜೋಡಿಯೇ ಬಣ್ಣ ಬಿಡುವುದು. ಅಚ್ಚ ಕೆಂಪಿಗೂ ಇದೇ ಜೋಡಿ ಸಹಾಯ ಮಾಡುತ್ತದೆ. ತಾಮ್ರ ಮತ್ತು ಕ್ಲೋರಿನ್ ಜೋಡಿ ತುಂಬ ಸೂಕ್ಷ್ಮ. ಸುಮಾರು 1200 ಡಿಗ್ರಿ ದಾಟಿದರೆ ಮುರಿದು ಹೋಗತೊಡಗುತ್ತದೆ. ಆದರೆ ಬೆಳಕು ಪ್ರಖರವಾಗಬೇಕಾದರೆ ಬಿಸಿ ಜಾಸ್ತಿಯೇ ಬೇಕು. ಬಿಸಿ ಏರಿಸಿದರೆ ನೀಲಿ ಸಾಯುತ್ತದೆ, ಇಳಿಸಿದರೆ ಬೆಳಕೇ ಸಾಲದು. ಈ ಇಕ್ಕಟ್ಟಿನ ನಡುವೆ ಒಂದು ಸಣ್ಣ ಜಾಗ ಇದೆ, ಅಲ್ಲಿಗೆ ಬೆಂಕಿಯನ್ನು ತಂದು ನಿಲ್ಲಿಸಬೇಕು. ನಿಮ್ಮ ಮಗಳು ಕಂಡ ನಾಲ್ಕು ಮಂಕು ನೀಲಿ ಅದೇ ಜಾಗದಲ್ಲಿ ನಿಂತವು.

ನಮ್ಮ ಕಣ್ಣೂ ಇಲ್ಲಿ ಸಹಾಯ ಮಾಡುವುದಿಲ್ಲ. ಹಗಲು ಬೆಳಕಿಗೆ ಹೊಂದಿದ ಕಣ್ಣು ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುವುದು 555 ನ್ಯಾನೋಮೀಟರ್ ಹತ್ತಿರದ ಹಸಿರು-ಹಳದಿ. ತಾಮ್ರದ ಈ ನೀಲಿ ಇರುವುದು 420ರಿಂದ 460ರ ಆಸುಪಾಸು. ಅಷ್ಟೇ ಬೆಳಕು ಬಂದರೂ ನಮಗೆ ಕಮ್ಮಿ ಅನ್ನಿಸುತ್ತದೆ.

ತುಮಕೂರು_ಅಪ್ಪ:

ಸರ್, ತುಂಬ ಥ್ಯಾಂಕ್ಸ್. ಓದಿ ಹೇಳಿದೆ. ಅವಳು ಒಂದು ಕಡೆ ನಿಲ್ಲಿಸಿದಳು. ಹಾಗಾದರೆ ಪಟಾಕಿಯಲ್ಲಿ ಎಲ್ಲಾ ಕಡೆ ಪೊಟ್ಯಾಸಿಯಂ ಪೊಟ್ಯಾಸಿಯಂ ಅಂತ ಓದುತ್ತೀವಲ್ಲ, ಅದರ ಬಣ್ಣ ಎಲ್ಲಿ ಹೋಯಿತು ಅಂತ. ಮತ್ತೆ, ಸ್ಕೂಲಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ಇದನ್ನೇ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಮನೆಯಲ್ಲಿ ಮಾಡಿ ತೋರಿಸುವಂಥದ್ದು ಏನಾದರೂ ಇದೆಯಾ?

ಕೆಮಿಸ್ಟ್ರಿ_ಮೇಷ್ಟ್ರು_ಹಾಸನ:

ಒಳ್ಳೆ ಪ್ರಶ್ನೆ ಕೇಳಿದ್ದಾಳೆ. ಮದ್ದು ಮುಚ್ಚಿದ ಕೊಳವೆಯೊಳಗೂ ಉರಿಯಬೇಕಾದ್ದರಿಂದ ಆಮ್ಲಜನಕವನ್ನು ಒಳಗೇ ಇಟ್ಟಿರಬೇಕು. ಅದನ್ನು ಕೊಡುವುದು ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಅಥವಾ ಅದರ ಜಾತಿಯ ಇನ್ನೊಂದು ಉಪ್ಪು. ಪೊಟ್ಯಾಸಿಯಂನದ್ದು ತೀರಾ ತೆಳು ನೇರಳೆ, ಕಣ್ಣಿಗೆ ಬೀಳುವುದೇ ಕಷ್ಟ. ಹಾಗಾಗಿ ಬೇರೆ ಬಣ್ಣಕ್ಕೆ ಅಡ್ಡ ಬರುವುದಿಲ್ಲ. ಅದರ ಬದಲು ಸೋಡಿಯಂ ಉಪ್ಪು ಹಾಕಿದ್ದರೆ ಎಲ್ಲವೂ ಹಳದಿಯೇ. ಸೋಡಿಯಂ ನೈಟ್ರೇಟ್ ಗಾಳಿಯ ತೇವವನ್ನೂ ಬೇಗ ಎಳೆದುಕೊಳ್ಳುತ್ತದೆ. ಹಿಂಗಾರು ಮಳೆ ಹಿಡಿದ ದೀಪಾವಳಿಯಲ್ಲಿ ಅಂಥ ಪಟಾಕಿ ಹೊತ್ತಿಕೊಳ್ಳುವುದೇ ಅನುಮಾನ.

ಚರಿತ್ರೆಯ ಒಂದು ತುಣುಕೂ ಹೇಳುತ್ತೇನೆ, ವಸ್ತುಪ್ರದರ್ಶನದ ಚಾರ್ಟ್‌ಗೆ ಆಗುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕ್ ಮಹಾನವಮಿಯ ಬಾಣಬಿರುಸು ನೋಡಿ ಬೆರಗಾಗಿ ಬರೆದಿದ್ದಾನೆ. ಆದರೆ ಈಗಿನಂಥ ಅಚ್ಚ ಕೆಂಪು, ಹಸಿರು ಆಗ ಇರಲಿಲ್ಲ. ಫ್ರಾನ್ಸಿನ ಬರ್ತೊಲೆ 1786ರ ಹೊತ್ತಿಗೆ ಪೊಟ್ಯಾಸಿಯಂ ಕ್ಲೋರೇಟ್ ಕಂಡುಹಿಡಿದ. ಜಾಸ್ತಿ ಬಿಸಿಯೂ ಕ್ಲೋರಿನ್ನೂ ಒಂದೇ ಉಪ್ಪಿನಲ್ಲಿ ಸಿಕ್ಕವು. 1830ರ ದಶಕದ ಹೊತ್ತಿಗೆ ಯುರೋಪಿನ ಆಕಾಶಕ್ಕೆ ನಿಜವಾದ ಬಣ್ಣ ಬಂತು.

ಆದರೆ ಆ ಕ್ಲೋರೇಟೇ ಎಷ್ಟೋ ಜನರನ್ನು ಕೊಂದಿದೆ. ಗಂಧಕದ ಜೊತೆ ಸೇರಿದರೆ ಸ್ವಲ್ಪ ಉಜ್ಜಿದರೂ ಸಾಕು, ಸಿಡಿಯುತ್ತದೆ. ನಮ್ಮ ದೇಶದಲ್ಲಿ ಆ ಮಿಶ್ರಣವನ್ನು ತಯಾರಿಸುವುದು, ಇಟ್ಟುಕೊಳ್ಳುವುದು ಎರಡನ್ನೂ 1992ರಲ್ಲಿ ನಿಷೇಧಿಸಿದ್ದಾರೆ. ಆದ್ದರಿಂದ ದಯವಿಟ್ಟು ಯಾವ ಪುಡಿಯನ್ನೂ ಬೆರೆಸಬೇಡಿ, ಅರೆಯಬೇಡಿ. ಪಟಾಕಿ ಬಿಚ್ಚಿ ಮದ್ದು ತೆಗೆಯುವುದಂತೂ ಬೇಡವೇ ಬೇಡ.

ಮಾಡಿ ತೋರಿಸಲು ಒಂದು ತುಂಡು ದಪ್ಪ ತಾಮ್ರದ ತಂತಿ ಸಾಕು, ಮೇಲಿನ ಪ್ಲಾಸ್ಟಿಕ್ ಪೂರ್ತಿ ಸುಲಿದಿರಬೇಕು. ಉದ್ದ ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಯಲ್ಲಿ ಕಾಯಿಸಿ. ಇಕ್ಕಳ ನಿಮ್ಮ ಕೈಯಲ್ಲಿರಲಿ, ಅವಳು ನೋಡಲಿ. ಏನು ಬಣ್ಣ ಬಂತು ಅಂತ ಬರೆಯಿರಿ.

ಮಂಡ್ಯ_ಸ್ಟಾಲ್:

ಬಣ್ಣದ ವಿಷಯ ಮೇಷ್ಟ್ರು ಹೇಳಿದ್ದಾರೆ, ಸದ್ದಿನದ್ದು ನಾನು ಹೇಳ್ತೀನಿ. ಹನ್ನೊಂದು ವರ್ಷ ದೀಪಾವಳಿಗೆ ಮೈದಾನದಲ್ಲಿ ಪಟಾಕಿ ಸ್ಟಾಲ್ ಹಾಕಿದವನು.

ಬೆಳಿಗ್ಗೆ ಬೀದಿಯಲ್ಲಿ ಬಿದ್ದಿರುವ, ಪೂರ್ತಿ ಸಿಡಿದು ಮುಗಿದ ಬಾಂಬಿನ ಸಿಪ್ಪೆ ಒಂದು ಎತ್ತಿ ನೋಡಿ. ಹೊರಗೆ ಹಸಿರು ಬಣ್ಣ ಬಳಿದ ಸೆಣಬಿನ ದಾರ, ಸುತ್ತಿ ಸುತ್ತಿ ಗೋಂದು ಹಾಕಿ ಬಿಗಿದಿದ್ದಾರೆ. ಅದರ ಒಳಗೆ ಕಾಗದ, ಪದರದ ಮೇಲೆ ಪದರ. ಕೆಲವು ಪಟಾಕಿಯಲ್ಲಿ ಹಳೆಯ ತಮಿಳು ಪೇಪರ್, ಯಾವುದೋ ಮಗುವಿನ ಲೆಕ್ಕದ ಹಾಳೆ ಕೂಡ ಕಂಡಿದ್ದೇನೆ. ಸದ್ದೆಲ್ಲ ಇರುವುದು ಈ ಬಿಗಿಯಲ್ಲಿ. ಮದ್ದು ಉರಿದಾಗ ಕಣ್ಣು ಮಿಟುಕಿಸುವುದರೊಳಗೆ ಬಿಸಿ ಗಾಳಿ ತುಂಬಿಕೊಳ್ಳುತ್ತೆ, ಹೊರಗೆ ಹೋಗಲು ದಾರಿ ಇಲ್ಲ. ಒತ್ತಡ ಏರುತ್ತೆ, ಒತ್ತಡ ಏರಿದ ಹಾಗೆ ಉರಿಯೂ ಜೋರಾಗುತ್ತೆ, ಕೊನೆಗೆ ಹೊದಿಕೆ ಹರಿದು ಎಲ್ಲಾ ಒಂದೇ ಏಟಿಗೆ ಹೊರಬೀಳುತ್ತೆ. ಸುತ್ತಲ ಗಾಳಿಗೆ ಬೀಳುವ ಆ ಏಟೇ ನಮಗೆ ಕೇಳುವ ಢಂ. ಹೂಕುಂಡದ ಮೇಲೆ ತೂತಿದೆ, ಒಳಗಿನದು ಬಂದ ಹಾಗೇ ಹೊರಗೆ ಹೋಗುತ್ತೆ, ಅದಕ್ಕೇ ಬರೀ ಸುರ್. ಅನ್ನ ಬೇಯಿಸುವ ಪಾತ್ರೆಗೂ ಕುಕ್ಕರಿಗೂ ಇರುವ ವ್ಯತ್ಯಾಸ ಅಂದುಕೊಳ್ಳಿ.

ಪುಡಿ ಎಷ್ಟು ನುಣ್ಣಗಿದೆ ಅನ್ನುವುದೂ ಮುಖ್ಯ. ಬಾಂಬಿನ ಅಲ್ಯೂಮಿನಿಯಂ ಮುಖಕ್ಕೆ ಹಚ್ಚುವ ಪೌಡರಿಗಿಂತ ನುಣುಪು. ಅದೇ ಲೋಹ ದಪ್ಪ ಕಾಳಾಗಿದ್ದರೆ ನಿಧಾನ ಉರಿದು ಹೂಕುಂಡದಲ್ಲಿ ಬಿಳಿ ಹೂವಾಗುತ್ತೆ. ಸೌದೆ ದಿಮ್ಮಿಗೂ ಮರದ ಹೊಟ್ಟಿಗೂ ಬೆಂಕಿ ಹಿಡಿಯುವ ಹಾಗೆ.

ಕೀ ಅಂತ ಶಿಳ್ಳೆ ಹೊಡೆದು ಮೇಲೇರುವ ರಾಕೆಟ್ ಇರುತ್ತಲ್ಲ, ಅದರದ್ದು ಬೇರೆ ಕಥೆ. ಅದರ ಮದ್ದು ಒಂದೇ ಸಮ ಉರಿಯುವುದಿಲ್ಲ. ತಡೆದು ತಡೆದು, ಸೆಕೆಂಡಿಗೆ ಸಾವಿರಾರು ಸಲ ಮಿಡಿಯುತ್ತೆ. ಕೊಳವೆಯ ಬಾಯಲ್ಲಿ ಅದು ಕೊಳಲಿನ ಹಾಗೆ ಕೂಗುತ್ತೆ. ಮದ್ದು ಕೆಳಕ್ಕೆ ಇಳಿದ ಹಾಗೆ ಖಾಲಿ ಕೊಳವೆ ಉದ್ದವಾಗುತ್ತಾ ಹೋಗುತ್ತೆ, ಅದಕ್ಕೇ ಕೂಗು ಕೊನೆಕೊನೆಗೆ ದಪ್ಪ ಆಗುತ್ತೆ. ಮುಂದಿನ ಸಲ ಕಿವಿ ಕೊಟ್ಟು ಕೇಳಿ.

ಸದ್ದಿಗೆ ಮಿತಿಯೂ ಇದೆ, ಎಷ್ಟೋ ಗಿರಾಕಿಗಳಿಗೆ ಗೊತ್ತೇ ಇರಲಿಲ್ಲ. ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ದಾಟಬಾರದು ಅಂತ 1999ರ ನಿಯಮ. ನನ್ನ ಸ್ಟಾಲಿಗೆ ಬಂದು "ಇದಕ್ಕಿಂತ ಜೋರಿನದು ಕೊಡಿ" ಅಂತ ಕೇಳುವವರೇ ಜಾಸ್ತಿ ಇದ್ದರು. ಅದು ನನಗೆ ಯಾವತ್ತೂ ಇಷ್ಟವಾಗಲಿಲ್ಲ. ಪಕ್ಕದ ಮನೆಯಲ್ಲಿ ಬಾಣಂತಿ ಇರ್ತಾರೆ, ದನ ಕಟ್ಟಿರ್ತಾರೆ.

ರಾತ್ರಿ_ಪಾಳಿ_ನರ್ಸ್:

ನಾನು ಕಣ್ಣಿನ ವಾರ್ಡಿನಲ್ಲಿ ಕೆಲಸ ಮಾಡುವವಳು. ಎಲ್ಲರೂ ಬಾಂಬಿಗೆ ಹೆದರುತ್ತಾರೆ, ಸುರುಸುರು ಬತ್ತಿಯನ್ನು ಮಾತ್ರ ಮೂರು ವರ್ಷದ ಮಗುವಿನ ಕೈಗೆ ಕೊಡುತ್ತಾರೆ. ಮೇಷ್ಟ್ರು ಕಬ್ಬಿಣದ ಕಿಡಿ ಅಂದರಲ್ಲ, ಆ ಉರಿ ಸಾವಿರ ಡಿಗ್ರಿ ದಾಟುತ್ತದೆ. ಕುದಿಯುವ ನೀರು ನೂರು ಡಿಗ್ರಿ, ಅಷ್ಟೇ ನೆನಪಿಟ್ಟುಕೊಳ್ಳಿ. ನನ್ನ ತಮ್ಮನ ಮಗ ಅಂಗಳದಲ್ಲಿ ಬರಿಗಾಲಲ್ಲಿ ಓಡುವಾಗ ಆರಿದ ಬತ್ತಿಯ ತಂತಿ ತುಳಿದ. ಕಪ್ಪಗಿತ್ತು, ಬೆಂಕಿ ಕಾಣಿಸುತ್ತಿರಲಿಲ್ಲ. ಪಾದದ ಮೇಲೆ ಗೆರೆ ಎಳೆದ ಹಾಗೆ ಸುಟ್ಟ ಗುರುತು ಈಗಲೂ ಇದೆ. ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟು, ಉರಿದು ಮುಗಿದದ್ದನ್ನೆಲ್ಲ ಅದಕ್ಕೆ ಹಾಕಿಸಿ.

ಕಣ್ಣಿಗೆ ಕಿಡಿ ಬಿದ್ದರೆ ಉಜ್ಜಬೇಡಿ, ಅರಿಶಿನ, ಎದೆಹಾಲು, ತುಪ್ಪ ಯಾವುದೂ ಬೇಡ. ಕಣ್ಣಿಗೆ ಒತ್ತದ ಹಾಗೆ ಮೇಲೆ ಒಂದು ಪೇಪರ್ ಕಪ್ ಮುಚ್ಚಿ ನೇರ ಆಸ್ಪತ್ರೆಗೆ ಬನ್ನಿ. ಹೊತ್ತಿಕೊಳ್ಳದ ಬಾಂಬಿನ ಮೇಲೆ ಬಗ್ಗಿ ಊದಲು ಹೋಗಿ ಬಂದವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಇನ್ನೊಂದು ಮಾತು. ಸದ್ದಿಲ್ಲದ್ದು ಅಂದರೆ ಹೊಗೆ ಇಲ್ಲದ್ದು ಅಂತಲ್ಲ. ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ ಕಡೆಯವರು ಆರು ಬಗೆಯ ಪಟಾಕಿಯ ಹೊಗೆ ಅಳೆದಾಗ ಅತಿ ಹೆಚ್ಚು ಸೂಕ್ಷ್ಮ ಕಣ ಬಿಟ್ಟದ್ದು ಹಾವಿನ ಮಾತ್ರೆ! ಮಕ್ಕಳು ಅದರ ಮುಂದೆಯೇ ಕುಕ್ಕರುಗಾಲಲ್ಲಿ ಕೂತು ನೋಡುತ್ತಾರೆ.

ಮಂಡ್ಯ_ಸ್ಟಾಲ್:

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಹಸಿರು ಪಟಾಕಿ ಬಗ್ಗೆಯೂ ಒಂದು ಮಾತು ಸೇರಿಸ್ತೀನಿ, ಗಿರಾಕಿಗಳು ಇದರಲ್ಲಿ ತುಂಬ ಗೊಂದಲ ಮಾಡಿಕೊಳ್ಳುತ್ತಿದ್ದರು. ಹಸಿರು ಪಟಾಕಿ ಅಂದರೆ ಹಸಿರು ಬೆಳಕು ಬರುವುದಲ್ಲ. ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ನೀರಿಯವರು ಮಾಡಿಕೊಟ್ಟ, ಹೊಗೆ ಕಮ್ಮಿ ಇರುವ ಪಟಾಕಿ. ಸೂಕ್ಷ್ಮ ಕಣ ಶೇಕಡಾ 30ರಷ್ಟು ಕಮ್ಮಿ ಅನ್ನುವುದು ಗುರಿ, ಪೂರ್ತಿ ಇಲ್ಲ ಅಂತಲ್ಲ. ಡಬ್ಬಿ ಮೇಲೆ ಅದರ ಗುರುತು ಇರಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ಬೇರಿಯಂ ಉಪ್ಪನ್ನು ನಿಷೇಧಿಸಿತು, 2021ರಲ್ಲಿ ಮತ್ತೆ ಗಟ್ಟಿಯಾಗಿ ಹೇಳಿತು. ಅಂದರೆ ಅಚ್ಚ ಹಸಿರು ಬೆಳಕು ಕೊಡುತ್ತಿದ್ದ ಬೇರಿಯಂ ಹಸಿರು ಪಟಾಕಿಯಲ್ಲಿ ಇರುವಂತಿಲ್ಲ.

ತುಮಕೂರು_ಅಪ್ಪ:

ಎಲ್ಲರಿಗೂ ಧನ್ಯವಾದ. ಹಾವಿನ ಮಾತ್ರೆ ಇನ್ನೂ ಎರಡು ಡಬ್ಬಿ ಉಳಿದಿದ್ದವು, ತೆಗೆದು ನೀರಿನಲ್ಲಿ ನೆನೆಸಿಟ್ಟೆ.

ಮೇಷ್ಟ್ರೇ, ತಾಮ್ರದ ತಂತಿ ಪ್ರಯೋಗ ಮಾಡಿದೆವು. ಅಡುಗೆಮನೆ ಲೈಟ್ ಆರಿಸಿ, ಒಲೆ ಹಚ್ಚಿ, ಇಕ್ಕಳ ನಾನೇ ಹಿಡಿದೆ. ತಂತಿ ಕೆಂಪಗಾಗುತ್ತಿದ್ದ ಹಾಗೆ ಉರಿಯ ಅಂಚು ಹಸಿರಾಯಿತು! ಎಳೆ ಬಾಳೆಎಲೆಯ ಹಸಿರು. ಮಗಳಿಗೆ ಆಶ್ಚರ್ಯ, ನೀಲಿ ಬರಬೇಕಿತ್ತಲ್ವಾ ಅಂತ. ಆಮೇಲೆ ತಂತಿ ಪೂರ್ತಿ ಆರಲು ಬಿಟ್ಟು, ಉಪ್ಪು ನೀರಿನಲ್ಲಿ ಅದ್ದಿ ಮತ್ತೆ ಕಾಯಿಸಿದೆವು. ಹಳದಿ ಬಂದು ಎಲ್ಲವನ್ನೂ ನುಂಗಿಬಿಟ್ಟಿತು. ಹಸಿರು ಯಾಕೆ ಬಂತು ಅಂತ ಕೇಳಲು ಹೇಳಿದ್ದಾಳೆ. ನೇರಳೆ ಹೇಗೆ ಮಾಡ್ತಾರೆ ಅಂತಲೂ.

ಕೆಮಿಸ್ಟ್ರಿ_ಮೇಷ್ಟ್ರು_ಹಾಸನ:

ಭೇಷ್! ಎರಡು ಪಾಠ ಅವಳೇ ಕಂಡುಕೊಂಡಿದ್ದಾಳೆ. ಬರೀ ತಂತಿಯ ಹತ್ತಿರ ಕ್ಲೋರಿನ್ ಇರಲಿಲ್ಲ. ಉರಿಯಲ್ಲಿರುವ ಆಮ್ಲಜನಕ, ಹೈಡ್ರೋಜನ್ ಜೊತೆ ತಾಮ್ರ ಸೇರಿಕೊಂಡಿತು, ಆ ಜೋಡಿಯ ಬಣ್ಣ ಹಸಿರು. ಅದೇ ತಾಮ್ರ, ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ಬಣ್ಣ. ಪಟಾಕಿಯಲ್ಲೂ ಕ್ಲೋರಿನ್ ಸಾಲದೆ ಹೋದರೆ ನೀಲಿ ಹೀಗೇ ಹಸಿರಿಗೆ ತಿರುಗುತ್ತದೆ. ಉಪ್ಪು ನೀರಿನಲ್ಲಿ ಕ್ಲೋರಿನ್ ಸಿಕ್ಕಿತು, ಆದರೆ ಜೊತೆಗೆ ಸೋಡಿಯಂ ಬಂತು. ಅದರ ಹಳದಿ ಎಷ್ಟು ಜೋರೆಂದರೆ ಚಿಟಿಕೆಯಷ್ಟಿದ್ದರೂ ಬೇರೆ ಬಣ್ಣ ಕಾಣಗೊಡುವುದಿಲ್ಲ. ಅದಕ್ಕೇ ನೀಲಿ ಮಾಡುವವರು ಸೋಡಿಯಂ ಸೋಂಕದಂಥ ಶುದ್ಧ ಪುಡಿ ಹುಡುಕುವುದು.

ನೇರಳೆ ಅಂದರೆ ಸ್ಟ್ರಾನ್ಷಿಯಂನ ಕೆಂಪು ಮತ್ತು ತಾಮ್ರದ ನೀಲಿ ಒಂದೇ ಬೆಂಕಿಯಲ್ಲಿ. ಕೆಂಪು ಸ್ವಲ್ಪ ಜಾಸ್ತಿಯಾದರೆ ನೀಲಿ ಕಾಣುವುದೇ ಇಲ್ಲ. ಹಾಗಾಗಿ ಅದು ನೀಲಿಗಿಂತಲೂ ಕಷ್ಟ. ಅವಳ ನೋಟ್‌ಬುಕ್ಕಿನಲ್ಲಿ ನೇರಳೆಗೆ ಎಷ್ಟು ಗೀಟು ಇತ್ತು, ಕೇಳಿ ಹೇಳಿ.